ಪೆಟ್ರೋಲ್ ಪೋಲ್ ಸಾ ಕೊಳ್ಳುವ ಮೊದಲು ದೋಟಿಗೆ ಎರಡು ತೆಂಗಿನಕಾಯಿ ಕಟ್ಟಿ

ಹೋದ ಬೇಸಿಗೆಯಲ್ಲಿ ಮೈದುನನ ಮಗ ಬೆಂಗಳೂರಿಂದ ಬಂದವನು ಕಾಲು ತೊಳೆಯುವ ಮೊದಲೇ ಅಂಗಳದಲ್ಲಿ ಒಂದು ಉದ್ದದ ಪೆಟ್ಟಿಗೆ ಒಡೆದು ಕೂತ. ಒಳಗಿದ್ದದ್ದು ಪೆಟ್ರೋಲಿನ ಪೋಲ್ ಸಾ. ಅಂದರೆ ಉದ್ದ ಕೋಲಿನ ತುದಿಗೆ ಪುಟ್ಟ ಚೈನ್ ಗರಗಸ, ಬುಡಕ್ಕೆ ಎಂಜಿನ್. "ದೊಡ್ಡಮ್ಮ, ಸಿಗೋದರಲ್ಲೇ ಅತೀ ಉದ್ದದ್ದು ನೋಡಿ ತಂದಿದ್ದೇನೆ" ಎಂದ. ಉದ್ದ ನೋಡಿ ತರುವುದಕ್ಕೆ ಅದೇನು ಪಡವಲಕಾಯಿಯೇ? ಮನೆಯ ಮಾಡಿನ ಮೇಲೆ ಬಾಗಿದ್ದ ಹಲಸಿನ ಕೊಂಬೆಗೆ ಇಟ್ಟ. ಒಂದೆರಡು ನಿಮಿಷ ಚೆನ್ನಾಗಿಯೇ ಕೊಯ್ದ. ಆಮೇಲೆ ರಟ್ಟೆ ನಡುಗಿತು, ಕೋಲು ವಾಲಿತು, ಮೂತಿ ಮಾಡಿಗೆ ಬಡಿದು ಏಳು ಹಂಚು ಪುಡಿ. ಅವನು ಭಾನುವಾರ ಬಸ್ ಹತ್ತಿದ. ರೋಹಿಣಿ ಮಳೆ ಹೊತ್ತಿಗೆ ಆ ಸಂದಿಯ ಕೆಳಗೆ ಕೊಳದಪ್ಪಲೆ ಇಟ್ಟವಳು ನಾನು.

ಅವನೊಬ್ಬನೇ ಅಂತಲ್ಲ. ನಮ್ಮ ಕೇರಿಯಲ್ಲಿ ಈಚೆಗೆ ಮೂರು ಮನೆಯಲ್ಲಿ ಇದೇ ಮೆಷಿನ್ ಬಂದು ಮೂರೂ ಅಟ್ಟ ಸೇರಿವೆ. ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಉದ್ದ, ಎಷ್ಟು ಸಿ.ಸಿ. ಎತ್ತಿ ಹಿಡಿಯುವವನ ಕೈಯನ್ನು ಯಾರೂ ಕೇಳುವುದಿಲ್ಲ.

ಮೊದಲು ಮರದ ಕೆಳಗೆ ಹೋಗಿ ಮೇಲೆ ನೋಡಿ. ಕೊಯ್ಯಬೇಕಾದ ಕೊಂಬೆ ಬಳೆಯೊಳಗೆ ತೂರುವಷ್ಟು ಸಣ್ಣದಾದರೆ ಎಂಜಿನ್ ಯಾಕೆ, ದೋಟಿಯ ತುದಿಗೆ ಬಾಗಿದ ಕೈಗರಗಸ ಕಟ್ಟಿದರೆ ಸಾಕು. ಒನಕೆಯಷ್ಟು ದಪ್ಪ, ಅದಕ್ಕಿಂತ ತುಸು ಹೆಚ್ಚು ಅಂದರೆ ಪೋಲ್ ಸಾ ಸರಿ. ತೊಡೆ ಗಾತ್ರದ ಕೊಂಬೆಯಾದರೆ ಅದು ನಿಮ್ಮ ಕೆಲಸವೇ ಅಲ್ಲ, ಹಗ್ಗ ಕಟ್ಟಿ ಇಳಿಸುವುದು ಗೊತ್ತಿರುವ ಆಳನ್ನು ಕರೆಯಿರಿ. ಮನೆಯ ಹತ್ತಿರ ಎರಡು ಮರ, ಪ್ಲಗ್ಗೂ ಹತ್ತಿರ ಅಂದರೆ ಬ್ಯಾಟರಿಯದ್ದೇ ಹಗುರ, ಗಲಾಟೆಯೂ ಇಲ್ಲ. ನಮ್ಮ ಕಡೆ ತೋಟ ಮನೆಯಿಂದ ಅರ್ಧ ಫರ್ಲಾಂಗ್ ಕೆಳಗೆ, ಕರೆಂಟು ಮೋಡ ಕಂಡರೇ ಹೋಗುತ್ತದೆ. ಪೆಟ್ರೋಲಿನದ್ದು ಬೇಕು ಅನ್ನುವುದಕ್ಕೆ ಕಾರಣ ಅದು, ಶೋಕಿ ಅಲ್ಲ.

ಎಷ್ಟು ಉದ್ದದ ಕೋಲು ನಿಮ್ಮ ಕೈಗೆ ತಾಳುತ್ತದೆ ಎಂದು ತಿಳಿಯಲು ಈಗ ನನ್ನದೊಂದು ಪರೀಕ್ಷೆ. ನಗುವವರು ನಗಿ. ಮನೆಯ ದೋಟಿ ತನ್ನಿ, ಬಿದಿರಿನದ್ದೇ ಆಗಬೇಕು. ಈಗಿನ ಕಾರ್ಬನ್ ಫೈಬರ್ ದೋಟಿ ತೀರಾ ಹಗುರ, ಅದರಲ್ಲಿ ಲೆಕ್ಕ ಸಿಗುವುದಿಲ್ಲ. ನಿಮಗೆ ಬೇಕೆನಿಸಿದ ಉದ್ದದಷ್ಟನ್ನು ತುದಿಯಿಂದ ಅಳೆದು, ಅಲ್ಲಿ ಬಟ್ಟೆ ಸುತ್ತಿ ಗುರುತು ಮಾಡಿ. ತುದಿಗೆ ಸುಲಿದ ತೆಂಗಿನಕಾಯಿ ಎರಡು ಕಟ್ಟಿ. ಎಳೆಯದಲ್ಲ, ನೀರು ಅಲುಗುವ ಬಲಿತ ಕಾಯಿ. ಗರಗಸದ ತಲೆ, ಚೈನು ಸುತ್ತಿ ಓಡುವ ಪಟ್ಟಿ, ಚೈನು ಎಲ್ಲ ಸೇರಿ ಹೆಚ್ಚು ಕಡಿಮೆ ಅಷ್ಟೇ ಭಾರ ಬರುತ್ತದೆ. ಚೀಲದಲ್ಲಿ ಹಾಕಿ ನೇತು ಹಾಕಬೇಡಿ, ತೂಗಾಡುತ್ತದೆ. ಹಳೆ ಪಂಚೆ ಸುತ್ತಿ, ಕೋಲಿಗೆ ಅಂಟಿಕೊಂಡಿರುವ ಹಾಗೆ ಬಾಳೆನಾರಿನಲ್ಲಿ ಬಿಗಿಯಿರಿ. ಇನ್ನು ಗುರುತಿನ ಹತ್ತಿರ ಎಂಜಿನ್ನಿನ ಬದಲಿಗೆ ಸಣ್ಣ ಕ್ಯಾನ್ ಕಟ್ಟಿ ನೀರು ತುಂಬಿಸಿ, ಮೂರು ನಾಲ್ಕು ಲೀಟರಿನದ್ದು ಸಾಕು. ಬಾಯಿವರೆಗೂ ತುಂಬಬೇಕು. ಅರ್ಧ ತುಂಬಿದರೆ ಕುಲುಕಿ ಕುಲುಕಿ ಸೊಂಟ ಎಳೆಯುತ್ತದೆ, ಆಗ ಪರೀಕ್ಷೆ ನೀರಿನದ್ದಾಗುತ್ತದೆ, ನಿಮ್ಮದಲ್ಲ. ಹೆಗಲಿಂದ ಅಡ್ಡಕ್ಕೆ ಒಂದು ಹಳೆ ಸೀರೆ ಮಡಿಸಿ ಪಟ್ಟಿ ಮಾಡಿ, ಕೋಲಿಗೆ ಬಿಗಿದುಕೊಳ್ಳಿ.

ಕೊಂಬೆಯ ಮೇಲೆ ಒಂದು ಕೆಂಪು ಚಿಂದಿ ಕಟ್ಟಿಸಿ. ನೇರ ಕೆಳಗೆ ನಿಲ್ಲಬೇಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೋಲನ್ನು ಓರೆಯಾಗಿ ಎತ್ತಿ ತುದಿಯನ್ನು ಆ ಚಿಂದಿಯ ಪಕ್ಕ ಹಿಡಿಯಿರಿ. ಈಗ ಅಶ್ವಿನಿಯಿಂದ ರೇವತಿವರೆಗೆ ಇಪ್ಪತ್ತೇಳು ನಕ್ಷತ್ರ ನಿಧಾನ ಹೇಳಿ, ಮೂರು ಸುತ್ತು. ನಕ್ಷತ್ರ ಬಾರದಿದ್ದರೆ ಮಗ್ಗಿ ಹೇಳಿ, ಅದೂ ಬಾರದಿದ್ದರೆ ನಾನೇನು ಮಾಡಲಿ. ಮೂರನೆಯ ಸುತ್ತಿನ ಸ್ವಾತಿ, ವಿಶಾಖಾ ಹೊತ್ತಿಗೆ ತುದಿ ಚಿಂದಿಯಿಂದ ಒಂದು ಗೇಣು ಆಚೀಚೆ ಹೋಗುತ್ತಿದ್ದರೆ ಆ ಉದ್ದ ನಿಮ್ಮದಲ್ಲ. ಗುರುತನ್ನು ಒಂದು ಅಡಿ ಮೇಲೆ ಸರಿಸಿ ಇನ್ನೊಮ್ಮೆ ಮಾಡಿ. ಮತ್ತೆ ಇದನ್ನು ಬೆಳಿಗ್ಗೆ ದೋಸೆ ತಿಂದ ಹುರುಪಿನಲ್ಲಿ ಮಾಡಬೇಡಿ. ಸಂಜೆ ನಾಲ್ಕಕ್ಕೆ, ಬೇರೆ ಕೆಲಸ ಮಾಡಿ ದಣಿದ ಮೇಲೆ ಮಾಡಿ. ಕೈ ತಪ್ಪುವುದು ಆ ಹೊತ್ತಿನಲ್ಲೇ.

ಈ ಲೆಕ್ಕ ನನಗೆ ಬಂದದ್ದು ಮಾವನವರಿಂದ. ಅವರು ದೋಟಿಗೆ ಬಿದಿರು ಆರಿಸುವಾಗ ಮೆಳೆಯ ಹತ್ತಿರವೇ ಒಂದೊಂದನ್ನೂ ತುದಿಗೆ ಕಲ್ಲು ಕಟ್ಟಿ ಎತ್ತಿಸುತ್ತಿದ್ದರು, ತಾವಲ್ಲ, ಯಾರು ಕಾಯಿ ಕೊಯ್ಯುತ್ತಾನೋ ಅವನ ಕೈಯಲ್ಲಿ. ಬಿದಿರು ಕಡಿಯುವುದು ಅಮಾವಾಸ್ಯೆ ಹತ್ತಿರದಲ್ಲೇ, ಇಲ್ಲವಾದರೆ ಹುಳ ಹಿಡಿಯುತ್ತದೆ ಎಂದು ಹಟ. ಹಾಗೆ ಆರಿಸಿದ ಒಂದು ದೋಟಿ ನಾನು ಮದುವೆಯಾಗಿ ಬಂದಾಗಲೂ ಇತ್ತು, ಮಗಳ ಬಾಣಂತನದ ಹೊತ್ತಿಗೂ ಇತ್ತು.

ಅಂಗಡಿಯವರು ಹೇಳುವ ಎತ್ತರವನ್ನೂ ನಂಬಬೇಡಿ. "15 ಅಡಿ ಎಟುಕುತ್ತದೆ" ಅಂದರೆ ಅದರಲ್ಲಿ ನಿಮ್ಮ ಎತ್ತರ, ಚಾಚಿದ ಕೈ ಎಲ್ಲ ಸೇರಿರುತ್ತದೆ. ಕೋಲನ್ನು ನೆಟ್ಟಗೆ ತಲೆಯ ಮೇಲೆ ಹಿಡಿದರೆ ಕೊಂಬೆ ಬೀಳುವುದು ನಿಮ್ಮ ಮೇಲೆಯೇ. 60 ಡಿಗ್ರಿಗಿಂತ ನೆಟ್ಟಗೆ ಎತ್ತಬಾರದು. ಆ ಓರೆಗೆ 10 ಅಡಿ ಕೋಲು ಮೇಲೇರುವುದು ಎಂಟೂವರೆ ಅಡಿಯಷ್ಟೇ, ಎಂಜಿನ್ ಇರುವ ಸೊಂಟದ ಎತ್ತರ 3 ಅಡಿ ಸೇರಿಸಿ, ಹನ್ನೊಂದೂವರೆ ಆಯಿತು. ಮನೆಬಳಕೆಗೆ ಅದು ಧಾರಾಳ.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ. ವರ್ಷಕ್ಕೆ ಎರಡು ಮೂರು ದಿನದ ಕೆಲಸಕ್ಕೆ 25 ಸಿ.ಸಿ. ಸಾಕು, 30 ದಾಟಿದರೆ ಹೊರುವ ಭಾರ ಮಾತ್ರ ಹೆಚ್ಚು. ಚೈನಿನ ಪಟ್ಟಿ 10 ಇಂಚಿನದ್ದು ತಗೊಳ್ಳಿ. ಕೊಂಬೆಗಿಂತ ಪಟ್ಟಿ ಎರಡು ಇಂಚು ಉದ್ದ ಇದ್ದರೆ ಸರಿ, ಹಾಗಾಗಿ 8 ಇಂಚಿನವರೆಗೆ ಕೊಯ್ಯಬಹುದು, ಒನಕೆ ಗಾತ್ರಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಕೋಲು ಒಂದರೊಳಗೊಂದು ಜಾರುವ ಜಾತಿಯದ್ದು ಹೊಂದಿಸಲು ಸುಲಭ, ಆದರೆ ಭಾರ. ತುಂಡು ತುಂಡಾಗಿ ಜೋಡಿಸುವುದು ಹಗುರ, ಜೀಪಿನಲ್ಲಿ ಒಯ್ಯಲೂ ಆಗುತ್ತದೆ. ನಾನು ಎರಡನೆಯದಕ್ಕೇ ಓಟು ಹಾಕುತ್ತೇನೆ, ಜೋಡಣೆಯ ಕಡೆ ತಿರುಪು ಬಿಗಿಯಾಗಿದೆಯೇ ಎಂದು ಅಲುಗಾಡಿಸಿ ನೋಡಿದ ಮೇಲೆ.

ಮನೆಯಲ್ಲಿ ಕಳೆ ಕೊಚ್ಚುವ ಮೆಷಿನ್ ಇದ್ದವರು ತಡೆಯಿರಿ. ಅದರ ಬ್ಲೇಡಿನ ತಲೆ ತೆಗೆದು ಅಲ್ಲಿಗೆ ಗರಗಸದ ತಲೆ ಕೂರಿಸುವ ಜೋಡಣೆ ಬೇರೆಯಾಗಿಯೇ ಸಿಗುತ್ತದೆ, ಎರಡನೇ ಎಂಜಿನ್ ಸಾಕುವ ರಗಳೆ ಇಲ್ಲ. ಆದರೆ ಕಣ್ಣಂದಾಜಿನಲ್ಲಿ ತರಬೇಡಿ. ಕೊಳವೆಯ ದಪ್ಪ 26 ಮಿ.ಮೀ. ಇರುತ್ತದೆ ಅಥವಾ 28 ಮಿ.ಮೀ., ಒಳಗಿನ ಸರಳಿನ ತುದಿಗೆ ಹಲ್ಲು 7 ಇರುತ್ತದೆ ಅಥವಾ 9. ಎರಡೂ ಹೊಂದಬೇಕು. ನಿಮ್ಮ ಮೆಷಿನ್ನನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ. ಬ್ಲೌಸ್ ಪೀಸಿಗೆ ಸೀರೆ ಒಯ್ಯುವುದಿಲ್ಲವೇ?

ಅಂಗಡಿಯಲ್ಲಿ ಸ್ಟಾರ್ಟ್ ಮಾಡಿಸದೆ ದುಡ್ಡು ಕೊಡಬೇಡಿ. ಎಂಜಿನ್ ಸುಮ್ಮನೆ ಗುರ್ ಅನ್ನುತ್ತಿರುವಾಗ ಚೈನ್ ನಿಂತಿರಬೇಕು. ಎಕ್ಸಲೇಟರ್ ಒತ್ತಿದಾಗ ಮಾತ್ರ ಓಡಬೇಕು. ಸುಮ್ಮನಿದ್ದಾಗಲೂ ತಿರುಗಿದರೆ ಎಂಜಿನ್ ಸುಮ್ಮನಿದ್ದಾಗಿನ ವೇಗ ಹೊಂದಿಸುವ ಐಡಲ್ ತಿರುಪು ಹೆಚ್ಚಾಗಿದೆ ಇಲ್ಲವೇ ಕ್ಲಚ್ಚಿನ ಸ್ಪ್ರಿಂಗ್ ಕೆಟ್ಟಿದೆ. "ಆಮೇಲೆ ಸರಿಯಾಗುತ್ತೆ" ಅಂದರೆ ಎದ್ದು ಬನ್ನಿ. ಬಿಸಿ ಹೊಗೆ ನಿಮ್ಮ ಮೊಣಕೈ ಕಡೆ ಬರುತ್ತದೋ ಆಚೆ ಹೋಗುತ್ತದೋ ನೋಡಿ. ಓಡುವ ಚೈನಿನ ಮೂತಿಯನ್ನು ಒಂದು ರಟ್ಟಿನ ಎದುರು, ತಾಗದ ಹಾಗೆ ಹಿಡಿಸಿ. ಎಣ್ಣೆಯ ಗೆರೆ ಸಿಡಿದರೆ ಚೈನಿಗೆ ಎಣ್ಣೆ ಹೋಗುತ್ತಿದೆ ಎಂದು ಅರ್ಥ. ಕೊನೆಗೆ ಚೈನು, ಸ್ಪಾರ್ಕ್ ಪ್ಲಗ್ಗು, ಎಳೆಯುವ ಹಗ್ಗ, ಕಾರ್ಬ್ಯುರೇಟರಿನ ತೆಳು ರಬ್ಬರ್ ಪೊರೆ ಇವು ಅದೇ ಪೇಟೆಯಲ್ಲಿ ಸಿಗುತ್ತವೆಯೇ ಕೇಳಿ. ಮೈದುನನ ಮಗ ತಂದದ್ದಕ್ಕೆ ಚೈನು ಸಾಗರದಲ್ಲೂ ಇಲ್ಲ, ಶಿವಮೊಗ್ಗದಲ್ಲೂ ಸಿಗಲಿಲ್ಲ.

ಅಡಿಗೆಯಲ್ಲಿ ನಾನು ಚಮಚ ಅಳೆದವಳಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸುವಾಗ ಮಾತ್ರ ಅಂದಾಜು ಕೂಡದು. ಈ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆ ಇಲ್ಲ, ಪೆಟ್ರೋಲಿನೊಳಗೆ ಬೆರೆತದ್ದೇ ಎಲ್ಲ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40. ಮಕ್ಕಳ ಔಷಧಿಯ ಮುಚ್ಚಳದಲ್ಲಿ ಅಳೆಯಿರಿ. ಬೆರೆಸುವುದು ಬೇರೆ ಡಬ್ಬಿಯಲ್ಲಿ, ಆ ದಿನಕ್ಕೆ ಬೇಕಾದಷ್ಟೇ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಏನಾಗುತ್ತದೋ, ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್ ಒಳಗಿನ ರಬ್ಬರಿಗೆ ಅದನ್ನೇ ಮಾಡುತ್ತದೆ. "ದೊಡ್ಡಮ್ಮ, ಸ್ಟಾರ್ಟೇ ಆಗ್ತಿಲ್ಲ" ಎಂದು ನವೆಂಬರಿನಲ್ಲಿ ಹಗ್ಗ ಎಳೆದು ಎಳೆದು ಬೆವರುವವರೆಲ್ಲ ಹೀಗೆ ಬಿಟ್ಟವರೇ.

ಕೊಯ್ಯುವ ಕ್ರಮ ಎಲ್ಲರಿಗೂ ಗೊತ್ತೆಂದುಕೊಂಡಿದ್ದೆ, ಗೊತ್ತಿಲ್ಲ. ಬುಡದಿಂದ ಒಂದು ಮೊಳ ಆಚೆ ಕೆಳಗಿಂದ ಮೂರರಲ್ಲೊಂದು ಪಾಲು ಕೊಯ್ಯಿರಿ, ಅದಕ್ಕಿಂತ ನಾಲ್ಕು ಬೆರಳು ಹೊರಗೆ ಮೇಲಿನಿಂದ ಪೂರ್ತಿ. ಭಾರ ಬಿದ್ದ ಮೇಲೆ ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಊದಿದ ಬಳೆಯಂಥ ಭಾಗ ಇರುತ್ತದಲ್ಲ, ಅದನ್ನು ಬಿಟ್ಟು ತೆಗೆಯಿರಿ. ಒಂದೇ ಸಲ ಮೇಲಿಂದ ಇಟ್ಟರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಬರುತ್ತದೆ. ಮಕ್ಕಳು, ನಾಯಿ, ಚಾ ತಂದುಕೊಡುವವರು ಎಲ್ಲ ಐವತ್ತು ಅಡಿ ದೂರ. ಕರೆಂಟು ತಂತಿಯ ಹತ್ತಿರದ ಕೊಂಬೆಗೆ ಕೈ ಹಾಕಲೇಬೇಡಿ. ಅಲ್ಯೂಮಿನಿಯಂ ಕೋಲು ಬಿಡಿ, ಕಾರ್ಬನ್ ಫೈಬರಿನಲ್ಲೂ ಕರೆಂಟು ಹರಿಯುತ್ತದೆ. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ತೆಗೆಯಲಿ, ಎರಡು ದಿನ ತಡವಾದರೂ ಚಿಂತೆಯಿಲ್ಲ. ಕೊಂಬೆ ತೆಗೆದ ದಿನವೇ ಏಣಿ ಹಾಕಿ ಮಾಡಿನ ಸಂದಿನ ನೀರು ಹರಿಯುವ ತಗಡಿನ ದೋಣಿಯಲ್ಲಿ ತುಂಬಿದ ಒಣ ಎಲೆಯ ದರಗನ್ನೂ ಗುಡಿಸಿಬಿಡಿ. ಹೇಗೂ ಮೈಯೆಲ್ಲ ಧೂಳಾಗಿರುತ್ತದೆ, ಇನ್ನೊಮ್ಮೆ ಸ್ನಾನ ಯಾಕೆ. ಅದನ್ನು ಬಿಟ್ಟು "ಹಂಚು ಸೋರುತ್ತೆ" ಎಂದು ಹಂಚನ್ನು ಬೈಯುವವರು ನಮ್ಮಲ್ಲೇ ಇದ್ದಾರೆ.

ಹಲಸು ಕೊಯ್ದ ಮೇಲೆ ಚೈನಿಗೆ ಮೇಣ ಹಿಡಿದಿರುತ್ತದೆ. ಎಂಜಿನ್ ಆರಿಸಿ, ಪ್ಲಗ್ಗಿನ ಟೋಪಿ ಎಳೆದು, ಕೈಗೆ ದಪ್ಪ ಗವಸು ಹಾಕಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ ಸಿಗದವರು ತೆಂಗಿನೆಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಒರೆಸಿದರೂ ಮೇಣ ಬಿಡುತ್ತದೆ, ಮೆಟ್ಟುಗತ್ತಿಗೆ ಮಾಡುವ ಹಾಗೆಯೇ. ಕೊಯ್ಯುವಾಗ ನೂಲಿನಂಥ ಸಿಬರು ಬೀಳದೆ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಹಲ್ಲು ಮೊಂಡಾಗಿದೆ, ಅರ ಹಾಕಿ. ಆಮೇಲೆ ಟ್ಯಾಂಕಿನ ಪೆಟ್ರೋಲ್ ಬಸಿದು, ಪೈಪಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಪಟ್ಟಿಗೆ ಎಣ್ಣೆ ಸವರಿ ಕವರ್ ಹಾಕಿ ತೊಲೆಗೆ ಅಡ್ಡಲಾಗಿ ನೇತುಹಾಕಿ, ನೆಲದಲ್ಲಿ ಬೇಡ. ಅಡಕೆ ಅಟ್ಟದ ಇಲಿಗೆ ಪೆಟ್ರೋಲ್ ಪೈಪಿನ ರಬ್ಬರ್ ಎಂದರೆ ಕೊಬ್ಬರಿಗಿಂತ ಪ್ರೀತಿ.