ರಾತ್ರಿಯ ಆತ್ಮಶೋಧನೆ: ‘ತಪ್ಪಾಯ್ತು’ ಬೇಡ, ‘ಮಾಡಿದೆ’ ಅನ್ನಿ

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಬಂತೆಂದರೆ ಚರ್ಚಿನಲ್ಲಿ ಪಾಪನಿವೇದನೆಯ, ಅಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವವರ, ಸಾಲು ಉದ್ದವಾಗುತ್ತದೆ. ಎಷ್ಟೋ ಜನ ಆ ಸಾಲಿನಲ್ಲಿ ನಿಂತೇ ತಮ್ಮ ಪಾಪ ನೆನಪು ಮಾಡಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಆತ್ಮಶೋಧನೆ ದಿನಾ ರಾತ್ರಿ ಮನೆಯಲ್ಲಿ ಮಾಡುವ ಕೆಲಸ.

ಇದರ ಕ್ರಮ ಯೇಸುಸಭೆ ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸ್ ಅವರದು. 1548ರಲ್ಲಿ ಪೋಪ್ ಮೂರನೇ ಪೌಲ್ ಒಪ್ಪಿದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದಲ್ಲಿದೆ. ಐದು ಹೆಜ್ಜೆ, 15 ನಿಮಿಷ ಸಾಕು. ಕುರ್ಚಿಯ ಮೇಲೆ ಕೂತುಕೊಳ್ಳಿ. ಹಾಸಿಗೆ ಬೇಡವೇ ಬೇಡ, ನಿದ್ದೆ ಬಂದುಬಿಡುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

1. ಈ ದಿನ ಸಿಕ್ಕ ಒಳ್ಳೆಯದಕ್ಕೆ ದೇವರಿಗೆ ಕೃತಜ್ಞತೆ ಹೇಳಿ.

2. ನಿಮ್ಮ ತಪ್ಪು ನಿಮಗೆ ಕಾಣುವಂತೆ ಬೆಳಕು ಕೇಳಿ.

3. ಈಗ ದಿನವನ್ನು ನೋಡಿ. ಎಲ್ಲರೂ ಎಡವುವುದು ಇಲ್ಲೇ. ‘ಕೋಪ ಜಾಸ್ತಿ’ ಅಂತ ಒಟ್ಟಾರೆ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ಬನ್ನಿ. ‘ಬೆಳಿಗ್ಗೆ ಅಮ್ಮ ಎರಡು ಸಲ ಮಾತ್ರೆ ಕೇಳಿದರು. ಎರಡನೇ ಸಲ ರೇಗಿದೆ.’ ಇಷ್ಟು ಸ್ಪಷ್ಟವಾಗಿರಲಿ.

ನಮ್ಮ ಮಾತಿನಲ್ಲೇ ನುಣುಚಿಕೊಳ್ಳುವ ದಾರಿ ಇದೆ. ‘ತಪ್ಪಾಯ್ತು’, ‘ಸಿಟ್ಟು ಬಂತು’, ‘ಬಾಯಿಗೆ ಬಂದುಬಿಡ್ತು’. ಎಲ್ಲವೂ ಮಳೆ ಬಂದ ಹಾಗೆ ತಾನಾಗಿ ಬಂದದ್ದು! ಅದನ್ನು ಬದಲಿಸಿ. ‘ನಾನು ಮಾಡಿದೆ’, ‘ನಾನು ಅಂದೆ’. ಅಲ್ಲಿಗೇ ವಾಕ್ಯ ನಿಲ್ಲಿಸಿ. ‘ಆದರೆ’, ‘ಯಾಕಂದ್ರೆ’ ಸೇರಿಸಬೇಡಿ.

ಬೈಬಲ್ಲಿನ ಅರಸ ದಾವೀದನನ್ನು ನೋಡಿ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡ, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ. ಪ್ರವಾದಿ ನಾತಾನ ಬಂದು, ಬಡವನ ಒಂದೇ ಕುರಿಮರಿಯನ್ನು ಕಸಿದುಕೊಂಡ ಸಾಹುಕಾರನ ಕಥೆ ಹೇಳಿದ. ಅವನು ಸಾಯಬೇಕು ಎಂದು ದಾವೀದ ಕೆರಳಿದ. ‘ಆ ಮನುಷ್ಯ ನೀನೇ’ ಎಂದ ನಾತಾನ. ಅರಸನಾದರೂ ದಾವೀದ ವಾದ ಮಾಡಲಿಲ್ಲ. ಪಾಪ ಮಾಡಿದ್ದೇನೆ ಎಂದ, ಅಷ್ಟೇ.

ಇನ್ನೊಂದು ಸುತ್ತು ಬಾಕಿ ಇದೆ, ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಮಾಡದೆ ಬಿಟ್ಟದ್ದೇನು? ಬೈಬಲ್ಲಿನ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ಕಡೆಯ ತೀರ್ಪಿನಲ್ಲಿ ಶಿಕ್ಷೆಗೆ ಗುರಿಯಾಗಿ ಎಡಗಡೆ ನಿಂತವರ ಮೇಲೆ ಕಳ್ಳತನ, ಕೊಲೆಯ ಆರೋಪ ಇಲ್ಲ. ಅವರು ಹಸಿದವನಿಗೆ ಊಟ ಕೊಡಲಿಲ್ಲ, ರೋಗಿಯನ್ನು ನೋಡಲು ಹೋಗಲಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವ ಅಧ್ಯಾಯ ಅದೇ.

ಅಚ್ಚು ಹಾಕಿದ ಪಾಪದ ಪಟ್ಟಿ ಇಟ್ಟುಕೊಂಡು ಟಿಕ್ ಹಾಕಬೇಡಿ. ಮೊದಲ ಸಲ ಕಲಿಯುವ ಮಕ್ಕಳಿಗೆ ಅದು ಸರಿ. ದೊಡ್ಡವರು ಪಟ್ಟಿಯಲ್ಲಿ ಇಲ್ಲದ್ದನ್ನು ಹುಡುಕುವುದೇ ಇಲ್ಲ.

ಹಾಗಂತ ಹಳೆಯ ಗಾಯ ಕೆರೆಯುತ್ತಲೇ ಇರಬೇಡಿ. ಇಗ್ನೇಷಿಯಸ್ ಅವರೇ ಸ್ಪೇನಿನ ಮನ್ರೇಸಾ ಊರಿನಲ್ಲಿ ಹಳೇ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಿ ನರಳಿದ್ದರು. ಕ್ಷಮೆ ಸಿಕ್ಕಿದ್ದು ಮುಗಿಯಿತು.

4. ಕ್ಷಮೆ ಕೇಳಿ. ಉದ್ದ ಪ್ರಾರ್ಥನೆ ಬೇಕಿಲ್ಲ.

5. ನಾಳೆಗೆ ಒಂದೇ ತೀರ್ಮಾನ, ಗಂಟೆಯ ಸಮೇತ. ‘ಒಳ್ಳೆಯವನಾಗುತ್ತೇನೆ’ ಅಲ್ಲ. ‘ಎಂಟು ಗಂಟೆಗೆ ಅಮ್ಮ ಕೇಳುವ ಮೊದಲೇ ಮಾತ್ರೆ ಕೊಡುತ್ತೇನೆ.’ ಕೊನೆಗೆ ‘ನಮ್ಮ ತಂದೆಯೇ’ ಪ್ರಾರ್ಥನೆ ಹೇಳಿ ಮಲಗಿ.

ಗಂಭೀರ ಪಾಪ ಕಣ್ಣಿಗೆ ಬಿದ್ದರೆ ತಪಸ್ಸು ಕಾಲದ ಸಾಲಿಗೆ ಕಾಯಬೇಡಿ. ಆ ವಾರವೇ ಗುರುಗಳ ಹತ್ತಿರ ಹೋಗಿ.