ಜಾರುವ ರಸ್ತೆಯಲ್ಲಿ ಕಾರು ಹಿಡಿತ ತಪ್ಪಿದಾಗ

ಒದ್ದೆ ರಸ್ತೆಯಲ್ಲಿ ಕಾರು ಜಾರತೊಡಗಿದ ಕ್ಷಣದಲ್ಲಿ ಕಾಲು ತಾನಾಗಿಯೇ ಬ್ರೇಕಿನತ್ತ ಹೋಗುತ್ತದೆ. ಅದನ್ನು ತಡೆಯುವುದೇ ಮೊದಲ ಕೆಲಸ. ಟೈರಿಗೆ ದೊರೆಯುವ ಹಿಡಿತಕ್ಕೆ ಒಂದು ಮಿತಿಯಿದ್ದು, ತಿರುಗುವುದಕ್ಕೂ ನಿಲ್ಲುವುದಕ್ಕೂ ಅದೇ ಸಾಲಬೇಕಾಗಿರುವುದರಿಂದ, ತಿರುವಿನಲ್ಲಿ ಬ್ರೇಕ್ ಒತ್ತಿದರೆ ಉಳಿದಿದ್ದ ಅಲ್ಪ ಹಿಡಿತವೂ ಹೋಗಿಬಿಡುತ್ತದೆ.

ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆಯಿರಿ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿಯೇ ಸಾಗುತ್ತಿದ್ದರೆ ಜಾರುತ್ತಿರುವುದು ಮುಂದಿನ ಚಕ್ರಗಳು. ಆಗ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸದೆ, ತುಸು ಸಡಿಲಿಸಿ, ಹಿಡಿತ ಮರಳಿದ ಮೇಲೆ ಮತ್ತೆ ತಿರುಗಿಸಬೇಕು. ಹಿಂಭಾಗ ಬಲಕ್ಕೆ ಜಾರಿದರೆ ಸ್ಟೀರಿಂಗನ್ನೂ ಬಲಕ್ಕೇ ತಿರುಗಿಸಿ, ಕಾರು ನೇರವಾಗತೊಡಗಿದ ಕೂಡಲೇ ಅದನ್ನು ಮಧ್ಯಕ್ಕೆ ತನ್ನಿ. ತಡವಾದರೆ ಹಿಂಭಾಗ ಎದುರು ದಿಕ್ಕಿಗೆ ಬೀಸುತ್ತದೆ, ಅನೇಕರು ಎಡವುವುದು ಇಲ್ಲಿಯೇ. ನೋಟ ರಸ್ತೆಬದಿಯ ಮರದ ಮೇಲಲ್ಲ, ಹೋಗಬೇಕಾದ ದಾರಿಯ ಮೇಲಿರಲಿ, ಏಕೆಂದರೆ ಕಣ್ಣು ಹೋದತ್ತಲೇ ಕೈಯೂ ಹೋಗುತ್ತದೆ.

ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವೆನಿಸಿದರೆ ಟೈರುಗಳು ನೀರಿನ ಮೇಲೆ ತೇಲುತ್ತಿವೆ. ನೇರವಾಗಿ ಹಿಡಿದು ವೇಗ ಇಳಿಯುವವರೆಗೆ ಕಾಯಿರಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರಗಳು ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರನ್ನು ನಿಲ್ಲಿಸಲೇಬೇಕಾದಾಗ ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಬೇಕು. ಆಗ ಪೆಡಲು ಪಾದದಡಿ ಪಟಪಟನೆ ಅದುರುವುದು ದೋಷವಲ್ಲ.

ಒಮ್ಮೆ ಜಾರಿದವರಿಗೆ ಅಂಜಿಕೆ ಸಹಜ. ಮೊದಲು ಟೈರನ್ನು ನೋಡಿ. ಅದರ ತೋಡಿನ ಆಳಕ್ಕೆ ಹಲವು ದೇಶಗಳ ಕಾನೂನು ವಿಧಿಸುವ ಕನಿಷ್ಠ ಮಿತಿ 1.6 ಮಿ.ಮೀ. ಆದರೂ, 3 ಮಿ.ಮೀ. ತಲುಪಿದೊಡನೆ ಬದಲಿಸುವುದು ಮೇಲು. ಬಳಿಕ ಅನುಮತಿ ಪಡೆದ ಖಾಲಿ ಬಯಲಿನಲ್ಲಿ, ಅನುಭವಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಟೆಗೆ 20 ಕಿ.ಮೀ. ವೇಗದಲ್ಲಿ ಒದ್ದೆ ನೆಲದ ಮೇಲೆ ಬ್ರೇಕ್ ಒತ್ತಿ, ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆಂದು ಹಲವು ಬಾರಿ ಗಮನಿಸಿರಿ.