ಸಂಘದ ಚುನಾವಣೆ ಮೊಬೈಲ್‌ನಲ್ಲಿ: ಸಾಫ್ಟ್‌ವೇರ್ ಆರಿಸುವುದು ಹೇಗೆ?

ಬೆಳೆಗಾರರ ಸಂಘ ಇರಲಿ, ಹಳೇ ವಿದ್ಯಾರ್ಥಿಗಳ ಸಂಘ ಇರಲಿ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಚುನಾವಣೆ ಅಂದರೆ ತೊಂದರೆ ಒಂದೇ. ಕಳಸ, ಶೃಂಗೇರಿ, ಕೊಪ್ಪದ ಸದಸ್ಯರು ತಿರುವಿನ ರಸ್ತೆಯಲ್ಲಿ ಪೇಟೆಗೆ ಬಂದು, ಸಾಲು ನಿಂತು, ಕತ್ತಲಾಗುವುದರೊಳಗೆ ವಾಪಸ್ ಹೋಗಬೇಕು. ಬೆಂಗಳೂರು ಸೇರಿದವರಂತೂ ಬರುವುದೇ ಇಲ್ಲ. ಹಾಗಾಗಿ ಕಮಿಟಿ ಸಭೆಯಲ್ಲಿ ಒಬ್ಬರು ‘ಈ ಸಲ ಆನ್‌ಲೈನ್ ಮಾಡಿಬಿಡೋಣ’ ಎನ್ನುತ್ತಾರೆ. ಇನ್ನೊಬ್ಬರು ‘ಅದಕ್ಕೇನು, ಗೂಗಲ್ ಫಾರ್ಮ್ ಸಾಕು’ ಎನ್ನುತ್ತಾರೆ. ಸಾಕಾಗಲ್ಲ. ಆದರೆ ಆ ಮಾತಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ.

ಬೈಲಾ ತೆಗೆದು ಓದಿ

ನಿಮ್ಮದು ಸಹಕಾರ ಸಂಘವಾದರೆ, ಅಂದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದ್ದರೆ, ಚುನಾವಣೆ ಹೇಗೆ ನಡೆಯಬೇಕು ಅನ್ನುವುದು ನಿಮ್ಮ ಕಮಿಟಿ ಕೈಯಲ್ಲಿಲ್ಲ. ಅದಕ್ಕೆ ಸಹಕಾರ ಚುನಾವಣಾ ಪ್ರಾಧಿಕಾರ ಇದೆ. ನಿಮ್ಮಷ್ಟಕ್ಕೆ ನೀವೇ ಸಾಫ್ಟ್‌ವೇರ್ ಕೊಳ್ಳಲು ಹೋಗಬೇಡಿ. 1960ರ ಸಂಘಗಳ ನೋಂದಣಿ ಕಾಯ್ದೆಯ ಸಂಘವಾದರೆ ಬೈಲಾ ನೋಡಿ. ‘ಸಭೆಯಲ್ಲಿ ಹಾಜರಿದ್ದು ಗುಪ್ತ ಮತದಾನ’ ಎಂದು ಬರೆದಿದ್ದರೆ, ಮೊದಲು ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಮಾಡಿಸಿ, ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸಬೇಕು. ಈ ಕೆಲಸ ಬಿಟ್ಟರೆ ಸೋತವರಿಗೆ ತಕರಾರು ತೆಗೆಯಲು ನೀವೇ ದಾರಿ ಮಾಡಿಕೊಟ್ಟಂತೆ.

ಆಮೇಲೆ ಪಟ್ಟಿ

ಅರ್ಧ ಕೆಲಸ ಇಲ್ಲೇ ಇದೆ. ಸಾಫ್ಟ್‌ವೇರ್ ಎಷ್ಟೇ ದುಬಾರಿ ಇರಲಿ, ಅದು ಮತದಾರರನ್ನು ಗುರುತಿಸುವುದು ನೀವು ಕೊಡುವ ಎಕ್ಸೆಲ್ ಹಾಳೆಯಿಂದ. ಆ ಹಾಳೆ ತೆರೆದು ಕೂತರೆ ಏನೇನೋ ಸಿಗುತ್ತದೆ. ತೀರಿಹೋದವರ ಹೆಸರು ಇನ್ನೂ ಇರುತ್ತದೆ. ಒಬ್ಬರೇ ಒಂದು ಕಡೆ ಇನಿಷಿಯಲ್ ಇಟ್ಟುಕೊಂಡು, ಇನ್ನೊಂದು ಕಡೆ ಇಲ್ಲದೆ ಎರಡು ಸಲ ಬಂದಿರುತ್ತಾರೆ. 007 ಎಂಬ ಸದಸ್ಯತ್ವ ಸಂಖ್ಯೆಯನ್ನು ಎಕ್ಸೆಲ್ ಸುಮ್ನೆ 7 ಮಾಡಿರುತ್ತದೆ. ಹೆಸರುಗಳನ್ನು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರೆ ಇನ್ನೊಂದು ಪಜೀತಿ. ವೆಬ್‌ಸೈಟಿಗೆ ಹಾಕಿದ ಕೂಡಲೇ ಅವು ತಲೆಬುಡ ಇಲ್ಲದ ಇಂಗ್ಲಿಷ್ ಗುರುತುಗಳಾಗಿ ಬಿಡುತ್ತವೆ. ಮೊದಲೇ ಯೂನಿಕೋಡ್‌ಗೆ, ಅಂದರೆ ಯಾವ ಮೊಬೈಲ್, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ ಬದಲಿಸಿಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ತಲೆನೋವು ಫೋನ್ ನಂಬರ್. ಒಟ್ಟು ಕುಟುಂಬದ ತೋಟದ ಮನೆಗಳಲ್ಲಿ ಅಪ್ಪ, ಇಬ್ಬರು ಮಕ್ಕಳು, ಸೊಸೆ, ನಾಲ್ವರೂ ಸದಸ್ಯರು. ನಾಲ್ವರ ಮುಂದೆಯೂ ಇರುವುದು ದೊಡ್ಡ ಮಗನ ನಂಬರ್. ಓಟಿಪಿ ಅವನಿಗೇ ಬರುತ್ತದೆ, ನಾಲ್ಕೂ ಓಟು ಅವನದೇ! ಕರಡು ಪಟ್ಟಿ ಪ್ರಕಟಿಸಿ, ಆಕ್ಷೇಪಣೆಗೆ ದಿನ ಕೊಡಿ. ಒಬ್ಬರಿಗೆ ಒಂದು ನಂಬರ್ ಇಲ್ಲವೇ ಒಂದು ಇಮೇಲ್ ಅಂತ ಕಡ್ಡಾಯ ಮಾಡಿ. ಎರಡೂ ಇಲ್ಲದವರ ಹೆಸರು ಬೇರೆ ಬರೆದಿಡಿ. ಅವರಿಗೆ ಸಂಘದ ಕಚೇರಿಯಲ್ಲೇ ಮತ ಹಾಕುವ ವ್ಯವಸ್ಥೆ ಬೇಕಾಗುತ್ತದೆ.

ಯಾರು ಯಾರಿಗೆ ಹಾಕಿದರು, ಯಾರಿಗೆ ಗೊತ್ತಾಗುತ್ತದೆ?

ಈಗ ಗೂಗಲ್ ಫಾರ್ಮ್ ವಿಚಾರ. ಇಮೇಲ್ ಕೇಳದಿದ್ದರೆ ಹೊರಗಿನವರೂ ಮತ ಹಾಕಬಹುದು. ಕೇಳಿದರೆ, ಫಾರ್ಮ್ ಮಾಡಿದವರ ಮುಂದೆ ಯಾರು ಯಾರಿಗೆ ಹಾಕಿದರು ಅನ್ನುವುದು ಸಾಲಾಗಿ ಬಿದ್ದಿರುತ್ತದೆ. ಫಾರ್ಮ್ ಮಾಡಿದವರು ಬಹುಪಾಲು ಹಾಲಿ ಕಾರ್ಯದರ್ಶಿಯೇ, ಅಲ್ವಾ? ಪಿಕ್‌ನಿಕ್ ಎಲ್ಲಿಗೆ ಅಂತ ಕೇಳಲು ಫಾರ್ಮ್ ಸಾಕು. ಅಧ್ಯಕ್ಷರ ಆಯ್ಕೆಗೆ ಬೇಡ.

ಚುನಾವಣೆಗೆಂದೇ ಮಾಡಿದ ಸಾಫ್ಟ್‌ವೇರ್‌ನಲ್ಲಿ ‘ಇವರು ಮತ ಹಾಕಿದ್ದಾರೆ’ ಅನ್ನುವುದು ಒಂದು ಕಡೆ, ‘ಈ ಮತ ಇಂಥವರಿಗೆ’ ಅನ್ನುವುದು ಇನ್ನೊಂದು ಕಡೆ ಇರಬೇಕು. ಎರಡನ್ನೂ ಜೋಡಿಸಲು ಯಾರಿಗೂ ಆಗಬಾರದು. ಕಂಪನಿಯ ಸಿಬ್ಬಂದಿಗೂ ಆಗಬಾರದು. ಹಾಗೆ ಬರೆದುಕೊಡಲು ಕೇಳಿ. ‘ನಂಬಿ ಸಾರ್’ ಅಂದರೆ ಮುಂದಿನವರನ್ನು ನೋಡಿ.

ಸಿಂಪ್ಲಿ ವೋಟಿಂಗ್, ಎಲೆಕ್ಷನ್‌ಬಡ್ಡಿ ಕೆನಡಾದ ಕಂಪನಿಗಳ ಸೇವೆ. ಹಣ ಕೊಟ್ಟು ಬಳಸಬೇಕು. ಹೀಲಿಯೋಸ್ ಮತ್ತು ಫ್ರಾನ್ಸ್‌ನ ಸಂಶೋಧಕರ ಬೆಲೆನಿಯೋಸ್ ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದಾದ ಸಾಫ್ಟ್‌ವೇರ್. ಈ ಎರಡರಲ್ಲಿ ಒಂದು ವಿಶೇಷ ಇದೆ. ಮತ ಬೀಗ ಹಾಕಿದ ರೂಪದಲ್ಲೇ ಪ್ರಕಟವಾಗುತ್ತದೆ. ಮತದಾರರಿಗೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ತನ್ನ ಮತ ಡಬ್ಬಿಯಲ್ಲಿ ಇದೆಯಾ ಅಂತ ಅವರೇ ನೋಡಿಕೊಳ್ಳಬಹುದು. ಒಟ್ಟು ಲೆಕ್ಕ ಸರಿಯಿದೆಯಾ ಅಂತ ತಿಳಿದವರು ಯಾರು ಬೇಕಾದರೂ ಪರಿಶೀಲಿಸಬಹುದು.

ಬೀಗ ಅಂದ ಮೇಲೆ ಕೀಲಿ ಇರಬೇಕು. ಅದು ಯಾರ ಹತ್ತಿರ? ಗೂಢಲಿಪಿ ತಜ್ಞರದೇ ಅಂತರರಾಷ್ಟ್ರೀಯ ಸಂಘಟನೆ ಐಎಸಿಆರ್, ತನ್ನ ಚುನಾವಣೆಯನ್ನು ವರ್ಷಗಳಿಂದ ಹೀಲಿಯೋಸ್‌ನಲ್ಲಿ ನಡೆಸುತ್ತಿದೆ. 2025ರಲ್ಲಿ ಮೂವರ ಹತ್ತಿರ ಕೀಲಿಯ ಒಂದೊಂದು ಭಾಗ ಇತ್ತು. ಮೂರೂ ಸೇರಿದರೆ ಮಾತ್ರ ಫಲಿತಾಂಶ ತೆರೆಯುತ್ತಿತ್ತು. ಒಬ್ಬರು ತಮ್ಮ ಭಾಗ ಕಳೆದುಕೊಂಡರು. ಮತಗಳು ಅಲ್ಲೇ ಇದ್ದರೂ ಎಣಿಸಲಾಗದೆ, ಚುನಾವಣೆಯನ್ನು ಮತ್ತೆ ನಡೆಸಬೇಕಾಯಿತು. ಆ ವಿದ್ಯೆಯ ಪಂಡಿತರಿಗೇ ಹೀಗಾಯಿತು! ಆಮೇಲೆ ಅವರು ಮೂವರಲ್ಲಿ ಇಬ್ಬರಿದ್ದರೆ ಸಾಕು ಎಂದು ಬದಲಿಸಿಕೊಂಡರು. ನೀವು ಶುರುವಿನಲ್ಲೇ ಹಾಗೆ ಮಾಡಿ. ಒಂದು ಭಾಗ ಚುನಾವಣಾಧಿಕಾರಿಗೆ, ಉಳಿದ ಎರಡು ಸ್ಪರ್ಧೆಯಲ್ಲಿ ಇಲ್ಲದ ಹಿರಿಯ ಸದಸ್ಯರಿಗೆ ಇರಲಿ. ಹಾಲಿ ಪದಾಧಿಕಾರಿಗಳಿಗೆ ಬೇಡವೇ ಬೇಡ.

ಎಸ್‌ಎಂಎಸ್, ಕನ್ನಡ, ಬಿಲ್ಲು

ನಮ್ಮ ದೇಶದಲ್ಲಿ ಸಂಸ್ಥೆಗಳು ಸಗಟಾಗಿ ಎಸ್‌ಎಂಎಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ ನೋಂದಣಿ ಬೇಕು, ಅಂದರೆ ಕಳಿಸುವವರ ಹೆಸರು, ಸಂದೇಶದ ಮಾದರಿಯನ್ನು ಟೆಲಿಕಾಂ ಕಂಪನಿಗಳ ಹತ್ತಿರ ಮೊದಲೇ ದಾಖಲಿಸಿರಬೇಕು. ಇಲ್ಲದಿದ್ದರೆ ಓಟಿಪಿ ದಾರಿಯಲ್ಲೇ ನಿಲ್ಲಬಹುದು. ಕಂಪನಿಯನ್ನು ಇದೊಂದು ಕೇಳಲೇಬೇಕು. ಮತಪತ್ರ ಕನ್ನಡದಲ್ಲಿ ಬರುತ್ತದಾ, ಒತ್ತಕ್ಷರ ಮುರಿಯದೆ ಕಾಣುತ್ತದಾ ಎಂದು ಹಳೇ ಮೊಬೈಲಿನಲ್ಲೇ ನೋಡಿ. ಡಾಲರ್‌ನಲ್ಲಿ ಹಣ ಕಟ್ಟಬೇಕಾದರೆ ಆಡಿಟ್‌ಗೆ ಎಂಥ ಬಿಲ್ ಸಿಗುತ್ತದೆ ಎಂದು ಖಜಾಂಚಿ ಮೊದಲೇ ವಿಚಾರಿಸಿಕೊಳ್ಳಲಿ.

ಮೆಣಸು, ಏಲಕ್ಕಿ, ಕಿತ್ತಳೆ

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಂದು ಸುಳ್ಳು ಚುನಾವಣೆ ನಡೆಸಿ. ಮೆಣಸು, ಏಲಕ್ಕಿ, ಕಿತ್ತಳೆ ಅಭ್ಯರ್ಥಿಗಳಾಗಲಿ. ಹತ್ತು ಹದಿನೈದು ಜನ ಸಾಕು. ಆದರೆ ಹುಡುಗರನ್ನೇ ಕೂರಿಸಿಕೊಂಡು ಮಾಡಬೇಡಿ. ಕನ್ನಡಕ ಹಣೆಗೇರಿಸಿ ಮೊಬೈಲ್ ನೋಡುವ ಹಿರಿಯರು, ಅಂಗಳದ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುವ ತೋಟದವರು, ಅಮೆರಿಕದಲ್ಲಿ ಇರುವವರು ಒಬ್ಬೊಬ್ಬರಾದರೂ ಇರಲಿ. ಹಾಕಿದ ಮತವನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಕೊನೆಗೆ ಚೀಟಿ ಲೆಕ್ಕಕ್ಕೂ ಸಾಫ್ಟ್‌ವೇರ್ ಲೆಕ್ಕಕ್ಕೂ ತಾಳೆ ಹಾಕಿ.

ಬೇಕೆಂದೇ ತಪ್ಪು ಮಾಡಿ ನೋಡಿ. ಎರಡನೇ ಸಲ ಮತ ಹಾಕಲು ಹೋಗಿ. ನಡುವೆ ನೆಟ್ ಆಫ್ ಮಾಡಿ. ಏಳು ನಿರ್ದೇಶಕರ ಸ್ಥಾನ ಇದ್ದರೆ ಎಂಟು ಹೆಸರು ಒತ್ತಿ. ಬೈಲಾದಲ್ಲಿ ‘ಏಳು ಮತ ಹಾಕಲೇಬೇಕು’ ಎಂದಿದೆಯೋ ‘ಏಳರವರೆಗೆ’ ಎಂದಿದೆಯೋ, ಸಾಫ್ಟ್‌ವೇರ್ ಹಾಗೇ ನಡೆದುಕೊಳ್ಳಬೇಕು. ಮತದಾನ ಮುಗಿಯುವ ಮುಂಚೆ ಫಲಿತಾಂಶ ಇಣುಕಿ ನೋಡಲು ಆಗುತ್ತದಾ ಅನ್ನುವುದನ್ನೂ ಪರೀಕ್ಷಿಸಿ. ಆಗುವುದಾದರೆ ಆ ಸಾಫ್ಟ್‌ವೇರ್ ಬೇಡ.

ಎಷ್ಟು ದಿನ, ಯಾವಾಗ?

ಲಿಸ್ಟೆಡ್ ಕಂಪನಿಗಳ ಷೇರುದಾರರಿಗೆ, ಷೇರುಗಳನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳುವ ಸಂಸ್ಥೆಗಳಾದ ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್ ಮೂಲಕ ಇ-ವೋಟಿಂಗ್ ನಡೆಯುವುದು ನಿಮಗೆ ಗೊತ್ತಿರಬಹುದು. ಅಲ್ಲಿ ಮತದಾನ ಕನಿಷ್ಠ ಮೂರು ದಿನ ತೆರೆದಿರಬೇಕು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಗಿಯಬೇಕು. ಸಂಘಗಳಿಗೆ ಈ ನಿಯಮ ಇಲ್ಲದಿದ್ದರೂ ಲೆಕ್ಕ ನಮಗೂ ಹೊಂದುತ್ತದೆ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಮಲಗುತ್ತದೆ. ಒಂದೇ ದಿನ ಇಟ್ಟುಕೊಂಡರೆ ಮುಗಿಯಿತು ಕಥೆ. ಮಳೆಗಾಲವನ್ನೂ ಕಾಫಿ ಕೊಯ್ಲನ್ನೂ ಬಿಟ್ಟು, ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್ ನೋಡಿ.

ಮನೆಯಲ್ಲಿ ಪಕ್ಕ ಕೂತು ಒತ್ತಿಸುವವರ ಕಾಟ ಯಾವ ಸಾಫ್ಟ್‌ವೇರಿನಿಂದಲೂ ಪೂರ್ತಿ ತಪ್ಪುವುದಿಲ್ಲ. 2005ರಿಂದ ಇಂಟರ್ನೆಟ್ ಮತದಾನ ನಡೆಸುತ್ತಿರುವ ಎಸ್ಟೋನಿಯಾ ಇದಕ್ಕೊಂದು ದಾರಿ ಹುಡುಕಿದೆ. ಅವಧಿ ಮುಗಿಯುವವರೆಗೆ ಮತ ಬದಲಿಸಬಹುದು, ಕೊನೆಯದೇ ಲೆಕ್ಕಕ್ಕೆ. ಈ ಸೌಲಭ್ಯ ಇದೆಯಾ ಅಂತ ಕೇಳಿ. ಇದ್ದರೆ ಬೈಲಾ ತಿದ್ದುಪಡಿಯಲ್ಲೇ ಅದನ್ನೂ ಸೇರಿಸಿ.

ಸದಸ್ಯರ ಫೋನ್, ಇಮೇಲ್ ಎಲ್ಲಾ ಕಂಪನಿ ಹತ್ತಿರ ಇರುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ತಕರಾರಿನ ಅವಧಿ ಮುಗಿಯುವ ತನಕ ದಾಖಲೆ ಇಟ್ಟು, ಆಮೇಲೆ ಅಳಿಸಿ, ಅಳಿಸಿದ್ದಕ್ಕೆ ಪತ್ರ ಕೊಡಬೇಕು ಎಂದು ಒಪ್ಪಂದದಲ್ಲಿ ಬರೆಸಿ. ಕೊನೆಯ ಕಂತಿನ ಹಣವನ್ನು ಆ ಪತ್ರ ಕೈಗೆ ಬಂದ ಮೇಲೆ ಕೊಟ್ಟರಾಯಿತು.